ಕಂಪ್ಯೂಟರ್‌ಗೆ ವೈರಸ್ ಹೊಕ್ಕಿದೆಯಾ? ಫಾರ್ಮ್ಯಾಟ್ ಮಾಡಿಸಲು ಓಡುವ ಮೊದಲು ಇಷ್ಟು ಮಾಡಿ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಮನುಷ್ಯರೇ ಏದುಸಿರು ಬಿಡುತ್ತಾರೆ, ಇನ್ನು ಲ್ಯಾಪ್‌ಟಾಪ್ ಫ್ಯಾನ್ ಗುರ್ರ್ ಅಂದರೆ ಅದರಲ್ಲಿ ವಿಶೇಷ ಏನಿಲ್ಲ. ಹಾಗಾಗಿ ಪಕ್ಕದ ಮನೆಯವರು ಬಂದು "ಕಂಪ್ಯೂಟರ್‌ಗೆ ಏನೋ ಆಗ್ಯಾದ್ರಿ, ಭಾಳ ಸಪ್ಪಳ ಮಾಡ್ಲಕತ್ತದ" ಅಂದಾಗ ನಾನು ಬಿಸಿಲಿನದೇ ಕಾಟ ಅಂದುಕೊಂಡೆ. ಹೋಗಿ ನೋಡಿದರೆ ಬಿಸಿಲಲ್ಲ. ಒಂದೇ ಒಂದು ಪ್ರೋಗ್ರಾಂ ತೆರೆದಿಲ್ಲ, ಆದರೂ ಪ್ರೊಸೆಸರ್ 95 ಪರ್ಸೆಂಟ್ ದುಡಿಯುತ್ತಿದೆ. ಪರದೆಯ ಬಲಮೂಲೆಯಲ್ಲಿ ಎರಡು ನಿಮಿಷಕ್ಕೊಮ್ಮೆ "ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಇವೆ" ಅಂತ ಕೆಂಪು ಡಬ್ಬಿ ಬೇರೆ.

ಹೋದ ವರ್ಷವೂ ಇದು ಕೈಕೊಟ್ಟಿತ್ತಂತೆ. ಆಗ ಒಂದು ಅಂಗಡಿಗೆ ಒಯ್ದಿದ್ದರು. ಅಂಗಡಿಯವರು ಸರಿಯಾಗಿ ನೋಡದೆ "ಫಾರ್ಮ್ಯಾಟ್ ಹೊಡೀಬೇಕ್ರಿ" ಅಂದರು, ಹೊಡೆದೂ ಬಿಟ್ಟರು. ಮಗಳ ತೊಟ್ಟಿಲ ಕಾರ್ಯದ ಫೋಟೋಗಳು ಅದರೊಟ್ಟಿಗೇ ಹೋದವು. ಅದು ಸಾಲದೆಂಬಂತೆ, ಮತ್ತೆ ಹಾಕಿಕೊಟ್ಟದ್ದು ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಬೀಗ ಮುರಿದ ಕಳ್ಳ ವಿಂಡೋಸ್. ಆ ಕ್ರ್ಯಾಕ್ ನಡೆಯಬೇಕಲ್ಲ, ಅದಕ್ಕೆ ವಿಂಡೋಸ್‌ನ ಸ್ವಂತ ಕಾವಲುಗಾರ ಡಿಫೆಂಡರ್ ಬಂದ್ ಮಾಡಿ, ಇಡೀ ಸಿ ಡ್ರೈವನ್ನೇ "ಇಲ್ಲಿ ಹುಡುಕಬೇಡ" ಎನ್ನುವ ಪಟ್ಟಿಗೆ ಸೇರಿಸಿಟ್ಟಿದ್ದರು. ಬಾಗಿಲು ತೆಗೆದಿಟ್ಟು ನಾಯಿಯನ್ನೂ ಕಟ್ಟಿಹಾಕಿದ ಹಾಗೆ. ಜೊತೆಗೆ ಒಂದು ಆಂಟಿವೈರಸ್ ಡಬ್ಬಿಯನ್ನೂ ಮಾರಿದ್ದರು. ಅದು ಸೀಲ್ ಕೂಡ ಒಡೆಯದೆ ಟಿವಿ ಪಕ್ಕ ಕೂತಿತ್ತು!

ಆ ದಿನ ನಾವು ಒಂದೊಂದಾಗಿ ಮಾಡಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಿಮ್ಮದು ವಿಂಡೋಸ್ 10 ಅಥವಾ 11 ಆಗಿದ್ದರೆ ಹಾಗೇ ಅನುಸರಿಸಬಹುದು.

ಮೊದಲು ನೆಟ್ ಕಿತ್ತು ಹಾಕಿ

ವೈಫೈ ಆಫ್ ಮಾಡಿ. ಕೇಬಲ್ ಇದ್ದರೆ ಎಳೆಯಿರಿ. ಒಳಗೆ ಹೊಕ್ಕ ಪ್ರೋಗ್ರಾಂ ನಿಮ್ಮ ಪಾಸ್‌ವರ್ಡ್‌ಗಳನ್ನು ಎಲ್ಲಿಗೋ ಕಳಿಸುತ್ತಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ. ಮುಂದೆ ಸ್ಕ್ಯಾನ್ ಮುಗಿಯುವ ತನಕ ಈ ಕಂಪ್ಯೂಟರ್‌ನಲ್ಲಿ ಬ್ಯಾಂಕ್, ಮೇಲ್ ಯಾವುದಕ್ಕೂ ಲಾಗಿನ್ ಬೇಡ. ಪರದೆ ತುಂಬ ಎಚ್ಚರಿಕೆ ಬಂದು, ಬೀಪ್ ಬೀಪ್ ಅಂತ ಕೂಗುತ್ತ "ಈ ನಂಬರಿಗೆ ಫೋನ್ ಮಾಡಿ" ಅಂದರೆ ಮಾಡಲೇಬೇಡಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ. ಆ ಕಡೆ ಇರುವವನು "ನಾನೇ ಸರಿಮಾಡಿಕೊಡ್ತೀನಿ" ಅಂತ ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸುವ ರಿಮೋಟ್ ಆ್ಯಪ್ ಹಾಕಿಸುತ್ತಾನೆ, ನಿಜವಾದ ತೊಂದರೆ ಶುರುವಾಗುವುದು ಆಮೇಲೆ.

ಕೆಂಪು ಡಬ್ಬಿ ಅಂದರೆ ವೈರಸ್ಸೇ ಆಗಿರಬೇಕಿಲ್ಲ

ನಾನು ನೋಡಿದ ಮನೆಗಳಲ್ಲಿ "ವೈರಸ್ ಬಂದದ" ಅನ್ನುವ ದೂರಿನಲ್ಲಿ ಅರ್ಧಕ್ಕರ್ಧ ಇದೇ. ಯಾವುದೋ ಸಿನಿಮಾ ಸೈಟಿಗೆ ಹೋದಾಗ "ನೀವು ರೋಬೋ ಅಲ್ಲ ಅಂತ ತೋರಿಸಲು ಅಲೌ ಒತ್ತಿ" ಅಂದಿರುತ್ತದೆ. ನಾವು ಒತ್ತಿರುತ್ತೇವೆ. ಅಂದಿನಿಂದ ಆ ಸೈಟ್ ನೋಟಿಫಿಕೇಶನ್ ಹೆಸರಲ್ಲಿ ಮೂಲೆಯಲ್ಲಿ ಕೂತು ಹೆದರಿಸುತ್ತದೆ, ಅಷ್ಟೇ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದ ಸೈಟ್‌ಗಳ ಪಟ್ಟಿ ಅಲ್ಲಿದೆ. ಗುರುತಿಲ್ಲದ ಹೆಸರನ್ನೆಲ್ಲ ತೆಗೆಯಿರಿ. ಪಕ್ಕದ ಮನೆಯವರ ಪಟ್ಟಿಯಲ್ಲಿ ಹದಿನೇಳು ಇದ್ದವು. ತೆಗೆದ ಕೂಡಲೇ ಕೆಂಪು ಡಬ್ಬಿ ಮಾಯ.

ಹಾಗೆಯೇ ಎಕ್ಸ್‌ಟೆನ್ಶನ್‌ಗಳನ್ನೂ, ಅಂದರೆ ಬ್ರೌಸರ್‌ಗೆ ಸೇರಿಕೊಳ್ಳುವ ಪುಟ್ಟ ಪ್ರೋಗ್ರಾಂಗಳನ್ನೂ ನೋಡಿ. ಕೂಪನ್ ಹುಡುಕುವುದು, ವಿಡಿಯೋ ಇಳಿಸುವುದು, ಪಿಡಿಎಫ್ ಬದಲಿಸುವುದು ಅಂತ ಸುಮ್ನೆ ಸೇರಿಕೊಂಡವು ಎಷ್ಟೋ ಇರುತ್ತವೆ. ನೀವಾಗಿ ಹಾಕಿದ್ದು ನೆನಪಿಲ್ಲ ಅಂದರೆ ರಿಮೂವ್ ಒತ್ತಿ. ಗೂಗಲ್ ಬದಲು ಬೇರೇನೋ ಹುಡುಕುತಾಣ ತಾನಾಗಿ ತೆರೆಯುತ್ತಿದ್ದರೆ ಅದೇ ಸೆಟ್ಟಿಂಗ್ಸ್‌ನಲ್ಲಿರುವ ರೀಸೆಟ್ ಬಟನ್ ಸಾಕು. ಬುಕ್‌ಮಾರ್ಕ್, ಪಾಸ್‌ವರ್ಡ್ ಉಳಿಯುತ್ತವೆ.

ಡಬ್ಬಿ ಹೋಯಿತು, ಫ್ಯಾನ್ ಸಪ್ಪಳ ಹೋಗಲಿಲ್ಲ. ಅಂದರೆ ಒಳಗೆ ಬೇರೆ ಯಾರೋ ಇದ್ದಾರೆ.

ಕಾವಲುಗಾರನ ಕೈಕಟ್ಟು ಬಿಚ್ಚಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸುಮ್ಮನಿರುವ ಕಂಪ್ಯೂಟರ್‌ನಲ್ಲಿ ಯಾವುದೋ ಅರ್ಥವಿಲ್ಲದ ಹೆಸರಿನ ಪ್ರೋಗ್ರಾಂ ಸದಾ ಮೇಲೆಯೇ ಕೂತಿದ್ದರೆ ಅನುಮಾನ ಪಡಿ. ಇಲ್ಲಿ ಆದದ್ದು ಮೈನರ್ ಎಂಬ ಕಳ್ಳ ಪ್ರೋಗ್ರಾಂನ ಕಾಟ. ನಿಮ್ಮ ಕರೆಂಟು, ನಿಮ್ಮ ಯಂತ್ರ, ಬೇರೆಯವನಿಗೆ ಕ್ರಿಪ್ಟೋ ನಾಣ್ಯ. ಕೆಲವು ಮೈನರ್‌ಗಳು ಟಾಸ್ಕ್ ಮ್ಯಾನೇಜರ್ ತೆರೆದ ಕ್ಷಣವೇ ಸದ್ದಿಲ್ಲದೆ ನಿಂತುಬಿಡುತ್ತವೆ, ಕಳ್ಳ ಬೆಕ್ಕಿನ ಹಾಗೆ. ಆದ್ದರಿಂದ ಅಲ್ಲಿ ಏನೂ ಕಾಣದಿದ್ದರೆ ಇಲ್ಲ ಅಂತ ಅಂದುಕೊಳ್ಳಬೇಡಿ.

ಈಗ ಸ್ಟಾರ್ಟ್‌ನಲ್ಲಿ ವಿಂಡೋಸ್ ಸೆಕ್ಯುರಿಟಿ ಅಂತ ಹುಡುಕಿ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ, ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ. ರಿಯಲ್ ಟೈಮ್ ಪ್ರೊಟೆಕ್ಷನ್ ಆನ್ ಇರಬೇಕು. ಅದೇ ಪುಟದ ಕೆಳಗೆ ಎಕ್ಸ್‌ಕ್ಲೂಶನ್ಸ್ ಅಂತಿದೆ. ದಯವಿಟ್ಟು ಇದನ್ನು ನೋಡದೆ ಮುಂದೆ ಹೋಗಬೇಡಿ, ಯಾಕೆಂದರೆ ಈ ಪಟ್ಟಿಯಲ್ಲಿ ಸಿ ಡ್ರೈವ್ ಕೂತಿದ್ದರೆ ನೀವು ಎಷ್ಟು ಸಲ ಸ್ಕ್ಯಾನ್ ಮಾಡಿದರೂ "ಏನೂ ಇಲ್ಲ" ಅಂತಲೇ ಬರುತ್ತದೆ. ಮನೆ ಕಂಪ್ಯೂಟರ್‌ಗಳಲ್ಲಿ ಈ ಪಟ್ಟಿ ಸಾಮಾನ್ಯವಾಗಿ ಖಾಲಿ ಇರುತ್ತದೆ. ಇದ್ದದ್ದನ್ನೆಲ್ಲ ತೆಗೆಯಿರಿ.

ಆಮೇಲೆ ಎರಡು ನಿಮಿಷ ನೆಟ್ ಹಚ್ಚಿ, ಅಪ್‌ಡೇಟ್ ತೆಗೆದುಕೊಳ್ಳಲಿ. ಮತ್ತೆ ನೆಟ್ ಬಂದ್. ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಕೊನೆಗಿರುವ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ವಿಂಡೋಸ್ ಪೂರ್ತಿ ಏಳುವ ಮುಂಚೆಯೇ ಹುಡುಕಾಟ ಶುರುವಾಗುತ್ತದೆ. ಕಳ್ಳ ಎದ್ದು ಅಡಗಿಕೊಳ್ಳುವ ಮೊದಲೇ ಹಿಡಿಯುವ ಉಪಾಯ. ಸುಮಾರು 15 ನಿಮಿಷ ಸಾಕು. ಚಾರ್ಜರ್ ಹಚ್ಚಿಡಿ, ಡೆಸ್ಕ್‌ಟಾಪ್ ಆದರೆ ಕರೆಂಟ್ ಹೋಗುವ ಹೊತ್ತು ಬಿಟ್ಟು ಮಾಡಿ. ಮುಗಿದ ಮೇಲೆ ಫುಲ್ ಸ್ಕ್ಯಾನ್ ಹಚ್ಚಿ ರೊಟ್ಟಿ ತಿಂದು ಮಲಗಿ. ಅದಕ್ಕೆ ತಾಸುಗಟ್ಟಲೆ ಬೇಕು.

ಎರಡನೇ ಡಾಕ್ಟರ್ ಅಭಿಪ್ರಾಯ ಬೇಕೆನಿಸಿದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಇದೆ, ಅವರದೇ ಆಡ್‌ವ್ ಕ್ಲೀನರ್ ಕೂಡ ಚೆನ್ನಾಗಿದೆ. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಅಂತ ಇನ್ನೊಂದಿದೆ, ಇಳಿಸಿಕೊಂಡು 10 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಬೇಕಾದಾಗ ಹೊಸದು ಇಳಿಸಬೇಕು. ನಮ್ಮ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದಲೂ ಉಚಿತ ಸ್ವಚ್ಛತಾ ಟೂಲ್‌ಗಳನ್ನು ಕೊಡುತ್ತಿದೆ, ಬಹಳ ಜನಕ್ಕೆ ಗೊತ್ತೇ ಇಲ್ಲ. ಯಾವುದೇ ಇರಲಿ, ಅವರವರ ಸ್ವಂತ ಸೈಟಿನಿಂದಲೇ ಇಳಿಸಿ. ಹುಡುಕಿದಾಗ ಮೊದಲು ಬರುವುದು ಜಾಹೀರಾತು, ಅದನ್ನು ಒತ್ತಬೇಡಿ.

ಫಾರ್ಮ್ಯಾಟ್ ಯಾವಾಗ?

ಫಾರ್ಮ್ಯಾಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಾವೂ ಕೊನೆಗೆ ಅದನ್ನೇ ಮಾಡಿದೆವು, ಆದರೆ ಉಳಿಸಬೇಕಾದ ಕಡತಗಳನ್ನು ಹೊರಗೆ ತೆಗೆದಿಟ್ಟ ಮೇಲೆ. ವಿಂಡೋಸ್ಸೇ ಕ್ರ್ಯಾಕ್ ಆಗಿದ್ದರೆ, ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಸಿಕ್ಕಿದ್ದರೆ, ಸ್ಕ್ಯಾನ್ ಮಾಡಿದ ಮೇಲೂ ಅದೇ ಕಾಟ ಮರಳಿ ಬಂದರೆ ಹೊಸದಾಗಿ ಹಾಕುವುದೇ ವಾಸಿ. ಕಡತಗಳೆಲ್ಲ ಲಾಕ್ ಆಗಿ ದುಡ್ಡು ಕೇಳುತ್ತಿದ್ದರೆ ಫಾರ್ಮ್ಯಾಟಿಗೆ ಮೊದಲು ನೋ ಮೋರ್ ರ‍್ಯಾನ್ಸಂ ತಾಣ ನೋಡಿ. ಯುರೋಪಿನ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರುಮಾಡಿದ್ದು, ಕೆಲವು ಬಗೆಯ ಬೀಗಗಳಿಗೆ ಅಲ್ಲಿ ಪುಕ್ಕಟೆ ಕೀಲಿ ಇದೆ.

ಇಲ್ಲೊಂದು ಗುಟ್ಟು. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪ್ ಆದರೆ ಅದರ ಅಸಲಿ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಪಕ್ಕದ ಮನೆಯವರದು ಕೊಂಡಾಗ ಅಸಲಿ ಹೋಮ್ ಆವೃತ್ತಿ, ಅದರ ಮೇಲೆ ಅಂಗಡಿಯವರು ಕ್ರ್ಯಾಕ್ ಮಾಡಿದ ಪ್ರೊ ಹಾಕಿದ್ದರು! ದುಡ್ಡು ಕೊಟ್ಟು ಕೊಂಡ ವಸ್ತು ಇದ್ದೂ ಕಳ್ಳಮಾಲು. ಬೇರೆ ಒಳ್ಳೆಯ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಸೈಟಿನ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಹೋಮ್ ಆವೃತ್ತಿ ಹಾಕಿದೆವು. ನೆಟ್ ಹಚ್ಚಿದ ಕೂಡಲೇ ತಾನಾಗಿ ಆ್ಯಕ್ಟಿವೇಟ್ ಆಯಿತು, ಒಂದು ರೂಪಾಯಿ ಖರ್ಚಿಲ್ಲ.

ಇಷ್ಟಾದ ಮೇಲೆ ಪಾಸ್‌ವರ್ಡ್ ಬದಲಿಸಿ, ಅದೂ ಫೋನಿನಿಂದ ಅಥವಾ ಬೇರೆ ಕಂಪ್ಯೂಟರಿನಿಂದ. ಮೊದಲು ಮೇಲ್, ನಂತರ ಬ್ಯಾಂಕ್. ಗೂಗಲ್ ಖಾತೆಯಲ್ಲಿ ಎಲ್ಲ ಡಿವೈಸ್‌ಗಳಿಂದ ಸೈನ್ ಔಟ್ ಮಾಡುವುದನ್ನು ಮರೆಯಬೇಡಿ. ಈಗಿನ ಕಳ್ಳ ಪ್ರೋಗ್ರಾಂಗಳು ಪಾಸ್‌ವರ್ಡ್ ಮಾತ್ರವಲ್ಲ, ನೀವು ಲಾಗಿನ್ ಆಗಿರುವ ಕುಕಿಯನ್ನೇ, ಅಂದರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಗುರುತಿನ ಚೀಟಿಯನ್ನೇ ಎತ್ತಿಕೊಂಡು ಹೋಗುತ್ತವೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಝೆರಾಕ್ಸ್ ಅಂಗಡಿಯ ಪೆನ್‌ಡ್ರೈವ್

ಸೂಪರ್ ಮಾರ್ಕೆಟ್ ಕಡೆಗೋ ಯೂನಿವರ್ಸಿಟಿ ಹತ್ತಿರವೋ ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಹೋಗುವ ಹುಡುಗರು ಇದನ್ನು ಓದಿ. ಒಂದೇ ಕಂಪ್ಯೂಟರಿಗೆ ದಿನಕ್ಕೆ ನೂರು ಪೆನ್‌ಡ್ರೈವ್ ಹಚ್ಚುವ ಜಾಗದಲ್ಲಿ ಅಂಟು ಹತ್ತುವುದು ಸಹಜ, ಅಂಗಡಿಯವರನ್ನು ಬೈದು ಫಲವಿಲ್ಲ. ಮನೆಗೆ ಬಂದು ನೋಡಿದರೆ ಫೋಲ್ಡರ್‌ಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿರುತ್ತವೆ. ಅವನ್ನು ಡಬಲ್ ಕ್ಲಿಕ್ ಮಾಡಿದರೆ ಮುಗಿಯಿತು, ಮನೆ ಕಂಪ್ಯೂಟರಿಗೂ ಹತ್ತಿತು. ಕಡತಗಳು ಎಲ್ಲೂ ಹೋಗಿರುವುದಿಲ್ಲ, ಅಡಗಿರುತ್ತವೆ ಅಷ್ಟೇ. ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿ. ಫೋಲ್ಡರ್ ಆಪ್ಶನ್ಸ್‌ನಲ್ಲಿ ಅಡಗಿದ ಕಡತಗಳನ್ನು ತೋರಿಸುವಂತೆ ಮಾಡಿ, ಸಿಸ್ಟಂ ಕಡತಗಳನ್ನು ಮರೆಮಾಡುವ ಟಿಕ್ ಕೂಡ ತೆಗೆಯಿರಿ. ನಿಮ್ಮ ಕಡತ ಕಾಣುತ್ತವೆ, ಬೇಕಾದ ಡಾಕ್ಯುಮೆಂಟ್ ಮಾತ್ರ ಎತ್ತಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಪ್ರಿಂಟಿಗೆಂದೇ ಒಂದು ಅಗ್ಗದ ಪೆನ್‌ಡ್ರೈವ್ ಬೇರೆ ಇಟ್ಟುಕೊಂಡರೆ ಈ ತಾಪತ್ರಯವೇ ಕಡಿಮೆ.

ಹಾಗಾದರೆ ಯಾವ ಆಂಟಿವೈರಸ್ ಕೊಳ್ಳಬೇಕು?

ನನ್ನ ಉತ್ತರ ಕೇಳಿ ಅಂಗಡಿಯವರು ಬೈಯಬಹುದು. ಬಹುಪಾಲು ಮನೆಗಳಿಗೆ ಕೊಳ್ಳಬೇಕಾಗಿಲ್ಲ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಒಂದು ಕಾಲದಲ್ಲಿ ಹೆಸರಿಗಷ್ಟೇ ಇತ್ತು, ಈಗ ಹಾಗಿಲ್ಲ. ಜರ್ಮನಿಯ ಎವಿ ಟೆಸ್ಟ್, ಆಸ್ಟ್ರಿಯಾದ ಎವಿ ಕಂಪ್ಯಾರಟಿವ್ಸ್ ಎಂಬ ಪರೀಕ್ಷಾ ಸಂಸ್ಥೆಗಳಿವೆ, ಅವುಗಳ ಫಲಿತಾಂಶ ಯಾರು ಬೇಕಾದರೂ ನೋಡಬಹುದು. ಅಲ್ಲಿ ಡಿಫೆಂಡರ್ ದುಡ್ಡಿನ ಆಂಟಿವೈರಸ್‌ಗಳ ಸಾಲಿನಲ್ಲೇ ನಿಲ್ಲುತ್ತದೆ.

ಅದೇ ವಿಂಡೋಸ್ ಸೆಕ್ಯುರಿಟಿಯ ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್‌ನಲ್ಲಿ ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಆನ್ ಮಾಡಿ, ಬೇಡದ ಆ್ಯಪ್‌ಗಳನ್ನು ಅದು ತಡೆಯುತ್ತದೆ. ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಂಗಳು ನಿಮ್ಮ ಫೋಟೋ, ಡಾಕ್ಯುಮೆಂಟ್ ಬದಲಿಸಲು, ಅಳಿಸಲು ಆಗುವುದಿಲ್ಲ, ಆಗಾಗ ಒಳ್ಳೆಯ ಪ್ರೋಗ್ರಾಂ ಕೂಡ ತಡೆದು ಸಿಟ್ಟು ತರಿಸುತ್ತದೆ ಅನ್ನುವುದೂ ನಿಜ. ಮಕ್ಕಳಿಗೆ ಅಡ್ಮಿನ್ ಅಲ್ಲದ ಬೇರೆ ಖಾತೆ ಮಾಡಿಕೊಡಿ. ಗೇಮ್ ಚೀಟ್ ಹೆಸರಲ್ಲಿ ಏನೇನೋ ಇಳಿಸುವವರು ಅವರೇ ಅಲ್ವಾ!

ಆದರೂ ಕೊಳ್ಳುತ್ತೀರಾ? ಮನೆಯಲ್ಲಿ ನಾಲ್ಕೈದು ಯಂತ್ರ ಇವೆ, ಮಕ್ಕಳ ಮೇಲೆ ನಿಗಾ ಬೇಕು, ಫೋನ್ ಮಾಡಿ ಕೇಳಲು ಯಾರಾದರೂ ಇರಬೇಕು ಅಂದರೆ ಕೊಳ್ಳಿ, ತಪ್ಪೇನಿಲ್ಲ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ. ಕೊಳ್ಳುವಾಗ ಮೊದಲ ವರ್ಷದ ಬೆಲೆ ನೋಡಬೇಡಿ, ಎರಡನೇ ವರ್ಷದ ರಿನ್ಯೂವಲ್ ಬೆಲೆ ನೋಡಿ. ಆಟೋ ರಿನ್ಯೂವಲ್ ಆಫ್ ಮಾಡಿ. 4 ಜಿಬಿ ರ‍್ಯಾಮ್‌ನ ಹಳೇ ಯಂತ್ರ ಆದರೆ ಮೊದಲು ಟ್ರಯಲ್ ಹಾಕಿ ನೋಡಿ, ಕೆಲವು ಆಂಟಿವೈರಸ್‌ಗಳು ಯಂತ್ರವನ್ನೇ ಎತ್ತಿನ ಗಾಡಿ ಮಾಡುತ್ತವೆ. ಒಂದು ಹಾಕಿದ ಮೇಲೆ ಇನ್ನೊಂದು ಹಾಕಬೇಡಿ, ಎರಡೂ ಒಂದಕ್ಕೊಂದು ಜಗಳಾಡುತ್ತವೆ. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಮುಗಿದಿದ್ದರೆ ಅದನ್ನು ಪೂರ್ತಿ ತೆಗೆಯಿರಿ, ಆಮೇಲೆ ಡಿಫೆಂಡರ್ ಎದ್ದಿದೆಯಾ ಅಂತ ನೋಡಿ.

ಪುಕ್ಕಟೆ ಅಂದದ್ದೆಲ್ಲ ಪುಕ್ಕಟೆ ಅಲ್ಲ. ಬಳಕೆದಾರರ ಬ್ರೌಸಿಂಗ್ ಮಾಹಿತಿ ಮಾರಿದ ಆರೋಪದಲ್ಲಿ ಅವಾಸ್ಟ್ ಕಂಪನಿ 2024ರಲ್ಲಿ ಅಮೆರಿಕದಲ್ಲಿ 1.65 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಆಂಟಿವೈರಸ್ ಕಂಪನಿಯೇ ಹೀಗೆ!

ಇನ್ನು ವಿಂಡೋಸ್ 10ಕ್ಕೆ ಮಾಮೂಲು ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಯಂತ್ರ ತಾಳಿಕೊಂಡರೆ 11ಕ್ಕೆ ಹೋಗಿ. ಹಳೇ ವಿಂಡೋಸ್ ಇಟ್ಟುಕೊಂಡು ಮೇಲೆ ದುಬಾರಿ ಆಂಟಿವೈರಸ್ ಹಾಕುವುದು ಸೋರುವ ಮಾಳಿಗೆಗೆ ಸುಣ್ಣ ಬಳಿದ ಹಾಗೆ.

ಆಂಟಿವೈರಸ್‌ಗೆ ಅಂತ ಎತ್ತಿಟ್ಟ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಳ್ಳಿ ಅಂತ ಪಕ್ಕದ ಮನೆಯವರಿಗೆ ಹೇಳಿದೆ. ತಿಂಗಳಿಗೊಮ್ಮೆ ಹಚ್ಚಿ, ನಕಲು ಮಾಡಿ, ಕಿತ್ತು ಬೀರುವಿನಲ್ಲಿಡಬೇಕು. ಹಚ್ಚಿಯೇ ಇಟ್ಟರೆ ಕಡತ ಲಾಕ್ ಮಾಡುವ ವೈರಸ್ ಅದನ್ನೂ ಬಿಡುವುದಿಲ್ಲ. ಅವರು ಆ ವಾರವೇ ಕೊಂಡರು. ತೊಟ್ಟಿಲ ಕಾರ್ಯದ ಹದಿನಾರು ಫೋಟೋ ಆಳಂದದ ಅತ್ತೆಯ ಹಳೇ ಫೋನಿನಲ್ಲಿ ಸಿಕ್ಕವು, ಡಿಸ್ಕಿಗೆ ಮೊದಲು ಹೋದದ್ದು ಅವೇ. ಆಂಟಿವೈರಸ್ ಡಬ್ಬಿ ಇನ್ನೂ ಟಿವಿ ಪಕ್ಕದಲ್ಲೇ ಇದೆ.