ಮಳೆಗಾಲಕ್ಕೂ ಆಗುವಂತೆ ಮಗುವಿಗೆ ಬಟ್ಟೆ ಡೈಪರ್ ಆರಿಸೋದು ಹೇಗೆ

ಬಟ್ಟೆ ಡೈಪರ್ ಕೊಳ್ಳುವವರು ಮೊದಲು ಕೇಳೋದು ಒಂದೇ, ಎಷ್ಟು ಹೊತ್ತು ತಡೆಯುತ್ತದೆ ಅಂತ. ಮೂಡಿಗೆರೆ, ಸಕಲೇಶಪುರ, ಕಳಸದ ಕಡೆಯವರು ಕೇಳಬೇಕಾದ್ದು ಬೇರೆ. ಒಗೆದ ಮೇಲೆ ಎಷ್ಟು ಹೊತ್ತಿಗೆ ಒಣಗುತ್ತದೆ? ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಬಿಸಿಲು ಬಂದ ದಿನವೇ ಹಬ್ಬ. ದೊಡ್ಡವರ ಪ್ಯಾಂಟೇ ಮೂರು ದಿನ ಹಗ್ಗದ ಮೇಲೆ ನೇತಾಡಿ ಮುಗ್ಗಲು ವಾಸನೆ ಹೊಡೆಯುವಾಗ, ನಾಲ್ಕೈದು ಪದರ ಸೇರಿಸಿ ಹೊಲಿದ ನ್ಯಾಪಿಯ ಗತಿ ಏನು ಹೇಳಿ.

ಹಾಗಾಗಿ ನಿಮ್ಮ ಮನೆ ಎಲ್ಲಿದೆ ಅನ್ನೋದನ್ನ ಮೊದಲು ನೋಡಿಕೊಳ್ಳಿ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯಾದರೆ ವರ್ಷದ ಹೆಚ್ಚು ದಿನ ಬಿಸಿಲು, ಗಾಳಿ ಸಿಗುತ್ತದೆ, ಯಾವ ನಮೂನೆ ತಂದರೂ ನಡೆಯುತ್ತದೆ. ಆದರೆ ಅಲ್ಲಿ ಬೋರ್‌ವೆಲ್ ನೀರು ಗಡಸು, ಅದರದ್ದೇ ಬೇರೆ ತಾಪತ್ರಯ, ಮುಂದೆ ಹೇಳುತ್ತೇನೆ. ಘಟ್ಟದ ಅಂಚಿನವರಾದರೆ ನೀರು ಮೆದು, ನೊರೆ ಬೇಗ ಬರುತ್ತದೆ, ಕೊಳೆ ಬೇಗ ಬಿಡುತ್ತದೆ. ಒಣಗಿಸೋದೇ ಕಷ್ಟ. ಹಾಸನ, ಚಿಕ್ಕಮಗಳೂರು ಪೇಟೆಯವರದ್ದು ಎರಡರ ನಡುವೆ.

ಬಾಣಂತನಕ್ಕೆ ತವರಿಗೆ ಹೋಗುವವರು ಇದನ್ನ ಮರೆಯಬೇಡಿ. ಮಗುವಿನ ಮೊದಲ ಮೂರ್ನಾಲ್ಕು ತಿಂಗಳು ಕಳೆಯೋದು ಅಮ್ಮನ ಮನೆಯಲ್ಲಿ, ಹಾಗಾಗಿ ಅಲ್ಲಿನ ಮಳೆ, ಅಲ್ಲಿನ ನೀರು ನೋಡಿ ಕೊಳ್ಳಬೇಕು.

ಇನ್ನು ನಮೂನೆಗಳಿಗೆ ಬರೋಣ. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ನೂರೆಂಟು ಹೆಸರು ಕಾಣುತ್ತವೆ, ತಲೆ ಕೆಡಿಸಿಕೊಳ್ಳಬೇಡಿ. ಯಾವುದೇ ಬಟ್ಟೆ ಡೈಪರ್‌ಗೆ ಇರೋದು ಎರಡೇ ಮುಖ್ಯ ಭಾಗ. ಉಚ್ಚೆ ಹೀರೋದು ಒಂದು, ಅದು ಹೊರಗೆ ಬರದಂತೆ ತಡೆಯೋದು ಇನ್ನೊಂದು. ಈ ಎರಡನ್ನೂ ಹೇಗೆ ಜೋಡಿಸಿದ್ದಾರೆ ಅನ್ನೋದರ ಮೇಲೆ ಹೆಸರು ಬದಲಾಗುತ್ತದೆ, ಅಷ್ಟೇ. ಬರೀ ಒಂದು ಪದರದ ದೊಡ್ಡ ಚೌಕ ಬಟ್ಟೆಯನ್ನ ಮಡಿಸಿ ಮೇಲೊಂದು ಕವರ್ ಹಾಕೋದು ಒಂದು ಬಗೆ. ಪಾಕೆಟ್ ನ್ಯಾಪಿ ಅಂದರೆ ಚೀಲದ ಹಾಗೆ ಬಾಯಿ ಇರುತ್ತದೆ, ಒಳಗೆ ಪ್ಯಾಡ್ ತೂರಿಸಬೇಕು, ಒಗೆಯುವಾಗ ತೆಗೆಯಬೇಕು. ಇನ್ನೊಂದರಲ್ಲಿ ಪ್ಯಾಡ್ ಕವರ್‌ನ ಮೇಲೆ ಟಿಚ್ ಬಟನ್‌ನಿಂದ ಕೂರುತ್ತದೆ. ಕೊನೆಯದು ಎಲ್ಲ ಒಟ್ಟಿಗೆ ಹೊಲಿದದ್ದು, ಆಲ್ ಇನ್ ಒನ್ ಅಂತಾರೆ. ಹಾಕೋಕೆ ಅದರಷ್ಟು ಸುಲಭ ಯಾವುದೂ ಇಲ್ಲ, ಅಪ್ಪಂದಿರು, ಅಜ್ಜಂದಿರು ಕೂಡ ಒಮ್ಮೆ ನೋಡಿದರೆ ಕಲಿಯುತ್ತಾರೆ. ಒಣಗೋಕೆ ಅದರಷ್ಟು ಕಷ್ಟ ಯಾವುದೂ ಇಲ್ಲ. ಮಲೆನಾಡಿನ ಮಳೆಗಾಲಕ್ಕೆ ಅದನ್ನ ನಾನು ಯಾರಿಗೂ ಹೇಳುವುದಿಲ್ಲ.

ಮೊದಲ ಎರಡು ತಿಂಗಳಿಗೆ ಚೌಕ ಬಟ್ಟೆಗಿಂತ ಒಳ್ಳೆಯದು ನನಗೆ ಕಂಡಿಲ್ಲ. ನಮ್ಮ ಅಜ್ಜಿಯಂದಿರು ಹಳೇ ಪಂಚೆ, ಹಳೇ ಕಾಟನ್ ಸೀರೆ ಹರಿದು ಲಂಗೋಟಿ ಕಟ್ಟುತ್ತಿದ್ದರಲ್ಲ, ಅದೇ ಲೆಕ್ಕ. ತೊಳೆದು ತೊಳೆದು ಮೆತ್ತಗಾದ ಬಟ್ಟೆ ಹೊಸದಕ್ಕಿಂತ ಚೆನ್ನಾಗಿ ಹೀರುತ್ತದೆ. ಮನೆಯಲ್ಲಿ ಹಳೇದು ಇಲ್ಲದಿದ್ದರೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಸುತ್ತಮುತ್ತಲೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಬಟ್ಟೆ ಅಂಗಡಿಗೆ ಹೋಗಿ ಮಲ್ ಬಟ್ಟೆ, ಅಂದರೆ ತೆಳುವಾದ ಮೆತ್ತನೆ ಕಾಟನ್ ಕೇಳಿ, ಮೀಟರ್ ಲೆಕ್ಕದಲ್ಲಿ ಕೊಂಡು ಚೌಕವಾಗಿ ಕತ್ತರಿಸಿ ಅಂಚು ಹೊಲಿಸಿ. ಅಂಚಿನ ಹೊಲಿಗೆ ದಪ್ಪ ಆಗದಂತೆ ನೋಡಿಕೊಳ್ಳಿ, ಮಗುವಿನ ತೊಡೆಗೆ ಉಜ್ಜುತ್ತದೆ. ಮಡಿಸಿದಾಗ ಎಂಟು ಪದರ ಆಗುವ ಬಟ್ಟೆ ಹಗ್ಗದ ಮೇಲೆ ಹರಡಿದರೆ ಒಂದೇ ಪದರ, ಫ್ಯಾನ್ ಕೆಳಗೆ ಹಾಕಿದರೂ ಒಣಗುತ್ತದೆ. ಇನ್ನೂ ಸ್ವಲ್ಪ ತೇವ ಉಳಿದಿದ್ದರೆ ಇಸ್ತ್ರಿ ಮಾಡಿ ಒಣಗಿಸಬಹುದು. ಬೇರೆ ಯಾವ ನಮೂನೆಗೂ ಈ ಅನುಕೂಲ ಇಲ್ಲ.

ಮಗು ಹುಟ್ಟಿದ ಮೊದಲ ಎರಡು ಮೂರು ದಿನ ಹೋಗುವ ಕಪ್ಪು ಮಲ ಅಂಟಂಟು, ಕಲೆ ಸುಲಭಕ್ಕೆ ಹೋಗಲ್ಲ. ಆ ದಿನಗಳಿಗೆ ಎಸೆಯಬಹುದಾದ ಹಳೇ ಬಟ್ಟೆ ಇಟ್ಟುಕೊಳ್ಳಿ. ಹೊಕ್ಕುಳ ಬಳ್ಳಿ ಒಣಗಿ ಬೀಳೋಕೆ ಒಂದರಿಂದ ಮೂರು ವಾರ ಬೇಕು, ಅಲ್ಲಿಯ ತನಕ ಬಟ್ಟೆ ಹೊಕ್ಕುಳಿನ ಕೆಳಗೇ ನಿಲ್ಲಬೇಕು, ಮುಂದಿನ ಅಂಚನ್ನ ಹೊರಗೆ ಮಡಿಸಿದರೆ ಸಾಕು. ಇದು ಚೌಕ ಬಟ್ಟೆಯಲ್ಲಿ ಸಲೀಸು, ಹೊಲಿದ ನ್ಯಾಪಿಯಲ್ಲಿ ಕಷ್ಟ. ಅದೂ ಅಲ್ಲದೆ ಫ್ರೀ ಸೈಜ್ ಅಂತ ಮಾರುವ ನ್ಯಾಪಿಗಳಲ್ಲಿ ಹೆಚ್ಚಿನವು ಮಗು ಸುಮಾರು 5 ಕಿಲೋ ತೂಗಿದ ಮೇಲೆಯೇ ಸರಿಯಾಗಿ ಕೂರುತ್ತವೆ. ಎರಡೂವರೆ, ಮೂರು ಕಿಲೋದ ಕೂಸಿನ ತೊಡೆ ಸಣ್ಣ. ಎಷ್ಟು ಬಿಗಿ ಮಾಡಿದರೂ ಪಕ್ಕದಲ್ಲಿ ಸಂದಿ ಉಳಿದು ಸೋರುತ್ತದೆ. ಸೀಮಂತಕ್ಕೆ ಏನು ಕೊಡಲಿ ಅಂತ ಕೇಳುವವರಿಗೆ ಹೇಳಿಬಿಡಿ, ಚೌಕ ಬಟ್ಟೆ ಮತ್ತು ಹುಟ್ಟು ಮಗುವಿನ ಅಳತೆಯ ಕವರ್ ಕೊಡಿ ಅಂತ.

ಕವರ್ ಆರಿಸುವಾಗ ಕೈಯಲ್ಲಿ ಹಿಡಿದು ನೋಡಿದರೆ ಒಳ್ಳೆಯದು. ಹಳೇ ಕಾಲದ ಪ್ಲಾಸ್ಟಿಕ್ ಚಡ್ಡಿ ಬೇಡ, ಅದರಲ್ಲಿ ಗಾಳಿ ಆಡಲ್ಲ, ಬೆವರುತ್ತದೆ. ಈಗಿನವು ಪಿಯುಎಲ್ ಬಟ್ಟೆಯವು, ಅಂದರೆ ಬಟ್ಟೆಯ ಒಳಮೈಗೆ ತೆಳುವಾದ ಪಾಲಿಯುರಿಥೇನ್ ಪೊರೆ ಅಂಟಿಸಿರುತ್ತಾರೆ. ಒಳಗಡೆ ಸವರಿದರೆ ನುಣುಪಾಗಿ ಇರಬೇಕು, ಎಲ್ಲೂ ಗುಳ್ಳೆ ಎದ್ದಿರಬಾರದು, ಹಿಡಿದು ಎಳೆದರೆ ಪೊರೆ ಬಿಡಬಾರದು. ತೊಡೆಯ ಎಲಾಸ್ಟಿಕ್ ಮೆತ್ತಗಿರಬೇಕು. ಅದನ್ನ ನಿಮ್ಮ ಮಣಿಕಟ್ಟಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ನಿಮಗೇ ಕಚ್ಚಿದ ಹಾಗಾದರೆ ಮಗುವಿಗೆ ಬೇಡ. ತೊಡೆಗೆ ಎರಡು ಸಾಲು ಎಲಾಸ್ಟಿಕ್ ಇರುವ ಕವರ್ ಸಿಕ್ಕರೆ ಬಿಡಬೇಡಿ, ಹಾಲು ಕುಡಿಯುವ ಮಗುವಿನ ನೀರು ನೀರಾದ ಕಕ್ಕ ನಿಲ್ಲೋದು ಅದರಲ್ಲೇ.

ವೆಲ್ಕ್ರೋನಾ, ಬಟನ್ನಾ ಅನ್ನೋದು ಇನ್ನೊಂದು ಪ್ರಶ್ನೆ. ವೆಲ್ಕ್ರೋ ಸಣ್ಣ ಮಗುವಿಗೆ ಅಳತೆ ಸರಿಯಾಗಿ ಕೂರಿಸೋಕೆ ಸುಲಭ, ಆದರೆ ಒಗೆತಕ್ಕೆ ಸವೆಯುತ್ತದೆ, ದಾರ ಸಿಕ್ಕಿಕೊಳ್ಳುತ್ತದೆ, ಮಗು ದೊಡ್ಡದಾದ ಮೇಲೆ ತಾನೇ ಕಿತ್ತು ಬಿಸಾಡುತ್ತದೆ. ಬಟನ್ ಜಾಸ್ತಿ ಬಾಳಿಕೆ ಬರುತ್ತದೆ. ನಾನಾದರೆ ಬಟನ್.

ಈಗ ಹೀರುವ ಬಟ್ಟೆ. ಇಲ್ಲೇ ಹೆಚ್ಚು ಜನ ಜಾಹೀರಾತು ನೋಡಿ ದುಡ್ಡು ಹಾಕೋದು. ಬಿದಿರಿನ ಬಟ್ಟೆ ಅಂತ ಮಾರುವ ಪ್ಯಾಡ್ ತುಂಬಾ ಮೆತ್ತಗೆ, ತುಂಬಾ ಹೀರುತ್ತದೆ, ಬೇಸಿಗೆಯಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಹೀರಿದ ನೀರನ್ನ ಬಿಡೋಕೂ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ದಪ್ಪ ಬಿದಿರಿನ ಪ್ಯಾಡ್ ಒಳಗೆ ಒಣಗಿತಾ ಅಂತ ಹಿಚುಕಿ ನೋಡಿದರೆ ತಣ್ಣಗೇ ಇರುತ್ತದೆ. ಸೆಣಬಿನಂಥ ನಾರಿನ ಹೆಂಪ್ ಕೂಡ ಹಾಗೇ, ನಿಧಾನ ಹೀರುತ್ತದೆ, ತುಂಬಾ ಹಿಡಿಯುತ್ತದೆ, ನಿಧಾನ ಒಣಗುತ್ತದೆ. ಮೈಕ್ರೋಫೈಬರ್ ಇದಕ್ಕೆ ಪೂರಾ ಉಲ್ಟಾ. ಬೇಗ ಹೀರಿ ಬೇಗ ಒಣಗುತ್ತದೆ, ಅಗ್ಗವೂ ಹೌದು. ಆದರೆ ಪಾತ್ರೆ ತೊಳೆಯುವ ಸ್ಪಂಜಿನ ಹಾಗೆ, ಒತ್ತಿದರೆ ನೀರು ಬಿಡುತ್ತದೆ. ಮಗುವನ್ನ ಸೊಂಟದ ಮೇಲೆ ಕೂರಿಸಿಕೊಂಡರೆ ನಿಮ್ಮ ಸೀರೆ ಒದ್ದೆ. ಇನ್ನೊಂದು ಮಾತು, ಮೈಕ್ರೋಫೈಬರ್ ನೇರವಾಗಿ ಮಗುವಿನ ಚರ್ಮಕ್ಕೆ ತಾಗಬಾರದು, ಚರ್ಮದ ತೇವವನ್ನೂ ಎಳೆದು ಒಣಗಿಸುತ್ತದೆ. ಪಾಕೆಟ್ ಒಳಗೆ ಮಾತ್ರ ಹಾಕಿ. ಕಾಟನ್ ಎಲ್ಲದರ ನಡುವೆ ಬರುತ್ತದೆ, ಅದಕ್ಕೇ ನನ್ನ ಓಟು.

ಮೂರನೇ ತಿಂಗಳಿನಿಂದ ಮುಂದಕ್ಕೆ ಪಾಕೆಟ್ ಅಥವಾ ಬಟನ್ ಪ್ಯಾಡಿನ ನ್ಯಾಪಿ ತನ್ನಿ. ಪ್ಯಾಡ್ ಬೇರೆ ಬರುವಂತಿರಬೇಕು, ಮತ್ತು ಆ ಪ್ಯಾಡ್ ಬಿಚ್ಚಿ ಹರಡುವಂತಿದ್ದರೆ ಇನ್ನೂ ಒಳ್ಳೆಯದು. ಉದ್ದದ ಪ್ಯಾಡನ್ನ ಮೂರು ಮಡಿಕೆ ಮಾಡಿ ಇಡುವ ನಮೂನೆ ಸಿಗುತ್ತದೆ, ಒಣಗುವಾಗ ಮಡಿಕೆ ಬಿಚ್ಚಬಹುದು. ಸೂಪರ್‌ಬಾಟಮ್ಸ್, ಬಂಪಡಮ್ ಹೀಗೆ ನಮ್ಮ ದೇಶದ ಕಂಪನಿಗಳೇ ಬೇಕಾದಷ್ಟು ಇವೆ. ಆದರೆ ಯಾವುದನ್ನೂ ಒಮ್ಮೆಲೇ ಹನ್ನೆರಡರ ಕಟ್ಟು ತರಬೇಡಿ. ಎರಡು ಬೇರೆ ಬೇರೆ ನಮೂನೆ ಒಂದೊಂದು ತಂದು, ಒಗೆದು, ನಿಮ್ಮ ಮನೆಯ ಹಗ್ಗದಲ್ಲೇ ಒಣಗಿಸಿ ನೋಡಿ. ಸಂಜೆ ಹಾಕಿದ್ದು ಬೆಳಗ್ಗೆ ಒಣಗಿದ್ದರೆ ಇನ್ನಷ್ಟು ತರಿಸಿ. ಬಣ್ಣ, ಚಿತ್ರ ನೋಡಿ ಆಸೆ ಆಗೋದು ಸಹಜ, ಆನೆ ಚಿತ್ರದ್ದೇ ಬೇಕು ಅನಿಸಿದರೆ ತನ್ನಿ, ಆದರೆ ಮೊದಲು ಪ್ಯಾಡ್ ನೋಡಿ.

ಹಾಕುವಾಗ ಇಷ್ಟು ನೋಡಿ. ಎಲಾಸ್ಟಿಕ್ ತೊಡೆಯ ಮೇಲೆ ಅಲ್ಲ, ಚಡ್ಡಿಯ ಗೆರೆ ಕೂರುವ ಸಂದಿಯಲ್ಲಿ ಕೂರಬೇಕು. ಹಾಕಿದ ಮೇಲೆ ಬೆರಳನ್ನ ಅಂಚಿನ ಗುಂಟ ಒಂದು ಸುತ್ತು ಓಡಿಸಿ, ಒಳಗಿನ ಬಟ್ಟೆಯ ತುದಿ ಒಂದು ಎಳೆ ಹೊರಗೆ ಇಣುಕಿದರೂ ಅದರ ಮೂಲಕವೇ ಒದ್ದೆ ಹೊರಗೆ ಬರುತ್ತದೆ. ಹೊಟ್ಟೆಯ ಹತ್ತಿರ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಗಂಡು ಮಗುವಾದರೆ ಮುಂದೆ ಹೆಚ್ಚು ಪದರ, ಹೆಣ್ಣು ಮಗುವಾದರೆ ನಡುವೆ. ಬಿಚ್ಚಿದಾಗ ತೊಡೆ ಮೇಲೆ ತಿಳಿ ಕೆಂಪು ಗೆರೆ ಇದ್ದು ಸ್ವಲ್ಪ ಹೊತ್ತಿಗೆ ಮಾಯವಾದರೆ ಪರವಾಗಿಲ್ಲ, ಉಳಿದರೆ ಬಿಗಿಯಾಯಿತು ಅಂತ. ಮತ್ತೆ, ನ್ಯಾಪಿ ದಪ್ಪ ಇದ್ದರೆ ಕಾಲು ಅಗಲ ಆಗುತ್ತದೆ ಅಂತ ಹಿರಿಯರು ಹೆದರುತ್ತಾರೆ. ಹುಟ್ಟು ಮಗುವಿನ ಕಾಲು ಮಡಚಿ ಅಗಲವಾಗಿ ಇರೋದೇ ಸರಿ. ಕಾಲನ್ನ ನೆಟ್ಟಗೆ ಎಳೆದು ಬಿಗಿಯಾಗಿ ಸುತ್ತೋದೇ ಸೊಂಟದ ಕೀಲಿಗೆ ಕೆಟ್ಟದ್ದು. ಇದನ್ನ ಅಜ್ಜಿಗೆ ಮೆಲ್ಲಗೆ ಹೇಳಿ.

ಹೊಸ ಕಾಟನ್ ಮೊದಲ ದಿನವೇ ಹೀರಲ್ಲ. ನಾಲ್ಕೈದು ಸಲ ಒಗೆದು ಒಣಗಿಸಿದ ಮೇಲೆ ಸರಿಹೋಗುತ್ತದೆ. ಒಂದು ಚಮಚ ನೀರು ಮೇಲೆ ಹಾಕಿ ನೋಡಿ. ತಟ್ಟನೆ ಇಳಿದರೆ ತಯಾರು, ಹನಿ ಉಂಡೆಯಾಗಿ ಜಾರಿದರೆ ಇನ್ನೂ ಒಗೆಯಬೇಕು. ಎಷ್ಟೋ ತಿಂಗಳು ಬಳಸಿದ ಮೇಲೂ ಹೀಗೆ ಜಾರತೊಡಗಿದರೆ ಸೋಪಿನ ಅಂಶವೋ ಎಣ್ಣೆ, ಕ್ರೀಮಿನ ಜಿಡ್ಡೋ ಕೂತಿದೆ ಅಂತ ಅರ್ಥ. ಬಾಣಂತನದ ಮನೆಯಲ್ಲಿ ಮಗುವಿಗೆ ದಿನಾ ಎಣ್ಣೆ ನೀರು, ಆ ಎಣ್ಣೆ ಪ್ಯಾಡಿಗೆ ಇಳಿದೇ ಇಳಿಯುತ್ತದೆ. ಎಣ್ಣೆ ಹಚ್ಚಿದಾಗ ಹಳೇ ಲಂಗೋಟಿ ಕಟ್ಟಿ, ನ್ಯಾಪಿ ಸ್ನಾನ ಆದ ಮೇಲೆ.

ಒಗೆಯೋದು ದೊಡ್ಡ ವಿದ್ಯೆಯೇನಲ್ಲ. ಮೊದಲು ಬರೀ ತಣ್ಣೀರಲ್ಲಿ ಉಚ್ಚೆ, ಕಕ್ಕ ಹೋಗುವಂತೆ ಜಾಲಿಸಿ, ಆಮೇಲೆ ಸಾಕಷ್ಟು ಸೋಪಿನ ಪುಡಿ ಹಾಕಿ ಒಗೆದು, ನೊರೆ ಪೂರ್ತಿ ಹೋಗುವ ತನಕ ಹಿಂಡಿ. ಕಕ್ಕದ ನೀರನ್ನ ಪಾಯಿಖಾನೆಗೇ ಸುರಿಯಿರಿ, ಹಳ್ಳಕ್ಕೆ, ಬಾವಿ ಪಕ್ಕಕ್ಕೆ ಬೇಡ. ಮಗುವಿನ ಬಟ್ಟೆ ಅಂತ ಸೋಪು ಚೂರೇ ಚೂರು ಹಾಕಿದರೆ ಕೊಳೆ ಉಳಿದು ಕೆಲವೇ ವಾರದಲ್ಲಿ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಶುರುವಾಗುತ್ತದೆ. ಗಡಸು ನೀರಿನ ಕಡೆ ಪುಡಿ ಇನ್ನೂ ಸ್ವಲ್ಪ ಜಾಸ್ತಿ ಬೇಕು, ಬಾರ್ ಸೋಪು ಅಲ್ಲಿ ನೊರೆ ಬರದೆ ಬಿಳಿ ಪದರವಾಗಿ ಕೂರುತ್ತದೆ. ಅಂಟುವಾಳ ಉಣ್ಣೆ, ರೇಷ್ಮೆಗೆ ಸರಿ, ನ್ಯಾಪಿಗೆ ಸಾಲದು. ಬಟ್ಟೆ ಮೆತ್ತಗಾಗಲಿ ಅಂತ ಕಂಫರ್ಟ್‌ನಂಥದ್ದು ಹಾಕಲೇಬೇಡಿ, ಹೀರುವ ಶಕ್ತಿಯೇ ಹೋಗುತ್ತದೆ. ಚೌಕ ಬಟ್ಟೆಯನ್ನ ಕುದಿಸಬಹುದು. ಕವರನ್ನ ಕುದಿಸಿದರೆ ಪೊರೆ ಹಾಳು.

ಒಣಗಿಸುವ ವಿಷಯದಲ್ಲಿ ನಮ್ಮ ಕಡೆಯವರಿಗೆ ಎರಡು ಮಾತು ಒತ್ತಿ ಹೇಳಬೇಕು. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸೋದು ಹಿಂದಿನಿಂದ ಬಂದದ್ದು. ಕಾಟನ್ ಬಟ್ಟೆಗೆ ಪರವಾಗಿಲ್ಲ, ಹೊಗೆ ತಾಗದಷ್ಟು ದೂರ ಇರಲಿ. ಪಿಯುಎಲ್ ಕವರನ್ನ ಮಾತ್ರ ಅಲ್ಲಿ ಹಾಕಬೇಡಿ, ಬಿಸಿಗೆ ಪೊರೆ ಬಿಟ್ಟುಕೊಳ್ಳುತ್ತದೆ. ಕವರ್ ಹೇಗೂ ನೆರಳಲ್ಲೇ ಬೇಗ ಒಣಗುತ್ತದೆ. ಎರಡನೇದು, ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಕೆಂಡದ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸುವ ರೂಢಿ ದಯವಿಟ್ಟು ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ವಾಷಿಂಗ್ ಮೆಷಿನ್ ಇದ್ದರೆ ಕೈಯಲ್ಲಿ ಒಗೆದದ್ದನ್ನೂ ಕೊನೆಗೆ ಅದರಲ್ಲಿ ತಿರುಗಿಸಿ ನೀರು ತೆಗೆಯಿರಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಗಾಳಿ ಮಳೆಗೆ ಕರೆಂಟ್ ಹೋಗಿ ಎರಡು ಮೂರು ದಿನ ಬರದೇ ಇರೋದು ತೋಟದ ಮನೆಗಳಲ್ಲಿ ಹೊಸದಲ್ಲ, ಆಗ ಕೈ ಹಿಡಿಯೋದು ಚೌಕ ಬಟ್ಟೆಯೇ.

ಎಷ್ಟು ಬೇಕು? ಹುಟ್ಟು ಮಗುವಿಗೆ ದಿನಕ್ಕೆ ಹತ್ತು ಹನ್ನೆರಡು ಸಲ ಬದಲಾಯಿಸಬೇಕಾಗುತ್ತದೆ. ದಿನಾ ಒಗೆಯುವವರಿಗೆ ಬೇಸಿಗೆಯಲ್ಲಿ 24 ಚೌಕ ಬಟ್ಟೆ, 4 ಕವರ್ ಸಾಕು. ಮಳೆಗಾಲಕ್ಕೆ ಬಟ್ಟೆ 36 ಇರಲಿ, ಕವರ್ 6. ಆಮೇಲಿನ ತಿಂಗಳುಗಳಿಗೆ ಕವರ್‌ಗಿಂತ ಪ್ಯಾಡ್ ಜಾಸ್ತಿ ತನ್ನಿ, ಒದ್ದೆಯಾಗಿ ಉಳಿಯೋದು ಅದೇ.

ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ, ಕಕ್ಕ ಮಾಡಿದ ಕೂಡಲೇ ಬದಲಾಯಿಸಿ, ಮಗು ಸುಮ್ನೆ ಮಲಗಿದೆ ಅಂತ ಬಿಡಬೇಡಿ. ರಾತ್ರಿಗೆ ಇನ್ನೊಂದು ಪ್ಯಾಡ್ ಸೇರಿಸಿ. ಪೌಡರ್ ಬೇಡ. ಕೆಂಪಾದರೆ ಸ್ವಲ್ಪ ಹೊತ್ತು ಏನೂ ಹಾಕದೆ ಗಾಳಿಗೆ ಬಿಡಿ. ತೊಡೆ ಸಂದಿಯಲ್ಲಿ ಗಾಢ ಕೆಂಪಾಗಿ ಸುತ್ತಲೂ ಸಣ್ಣ ಗುಳ್ಳೆ ಎದ್ದು ಎರಡು ಮೂರು ದಿನಕ್ಕೂ ಇಳಿಯದಿದ್ದರೆ ಅದು ಫಂಗಸ್ ಇರಬಹುದು, ಮಕ್ಕಳ ಡಾಕ್ಟರಿಗೆ ತೋರಿಸಿ.

ಶಿರಾಡಿ, ಚಾರ್ಮಾಡಿ ಇಳಿದು ದೂರ ಹೋಗುವ ದಿನ, ಆಸ್ಪತ್ರೆಯಲ್ಲಿರುವ ದಿನ ಒಮ್ಮೆ ಹಾಕಿ ಎಸೆಯುವ ಅಂಗಡಿ ಡೈಪರ್ ಹಾಕಿದರೆ ಏನೂ ತಪ್ಪಿಲ್ಲ. ಕಾಗದದಲ್ಲಿ ಸುತ್ತಿ ಬೇರೆಯಾಗಿ ಕಸದ ಗಾಡಿಗೆ ಕೊಡಿ. ತೋಟದ ಬದುವಿಗೆ, ಹೇಮಾವತಿಗೆ, ಯಗಚಿಗೆ ಎಸೆಯಬೇಡಿ, ಅದು ಕರಗೋದಿಲ್ಲ.

ಹೆರಿಗೆ ಜುಲೈ, ಆಗಸ್ಟ್‌ಗಿದ್ದರೆ ಖರೀದಿ ಮಾರ್ಚ್‌ನಲ್ಲೇ ಮುಗಿಸಿ. ಹೊಸ ಬಟ್ಟೆಯ ಆ ನಾಲ್ಕೈದು ಒಗೆತಕ್ಕೆ ಬಿಸಿಲು ಬೇಕು. ಅಕ್ಕನ ಮಗುವಿನದ್ದೋ ಅತ್ತಿಗೆ ಮಗುವಿನದ್ದೋ ಹಳೇ ನ್ಯಾಪಿ ಸಿಕ್ಕರೆ ಎಲಾಸ್ಟಿಕ್ ಎಳೆದು ನೋಡಿ, ಸಡಿಲಾಗಿದ್ದರೆ ಟೈಲರ್ ಹತ್ತಿರ ಹೊಸದು ಹಾಕಿಸಬಹುದು. ಪೊರೆ ಬಿಟ್ಟಿದ್ದರೆ ಪ್ಯಾಡ್ ಮಾತ್ರ ಇಟ್ಟುಕೊಳ್ಳಿ.