ಸೌರಬಿರುಗಾಳಿಯ ದಿನ ನನ್ನ ಸೀಸಿಯಂ ಏನು ಮಾಡಿತು?

ಸೀಸಿಯಂನಂಥ ವಿಕಿರಣಶೀಲ ವಸ್ತುಗಳು ಕ್ಷಯಿಸುವ ವೇಗವನ್ನು ಸೂರ್ಯ ಬದಲಿಸಬಲ್ಲನೇ? ಮೊದಲೇ ಹೇಳಿಬಿಡುತ್ತೇನೆ, ನನಗಂತೂ ಸೂರ್ಯನ ಕೈವಾಡ ಕಾಣಲಿಲ್ಲ. ಆದರೂ ಅಳೆದು ನೋಡುವ ಆಸೆ ಹುಟ್ಟಿದ್ದು ಸುಮ್ನೆ ಅಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಫಿಶ್‌ಬಾಕ್, 2006ರ ಡಿಸೆಂಬರ್‌ನ ಸೌರಜ್ವಾಲೆ ಹೊತ್ತಿಗೆ ತಮ್ಮ ವಿಕಿರಣಶೀಲ ಮ್ಯಾಂಗನೀಸ್-54ರ ಕೌಂಟ್, ಅಂದರೆ ಡಿಟೆಕ್ಟರ್ ಎಣಿಸಿದ ಸಂಖ್ಯೆ, ಇಳಿಯಿತು ಎಂದಿದ್ದರು. ಬೇರೆ ಲ್ಯಾಬ್‌ಗಳ ಹಳೆಯ ಸಿಲಿಕಾನ್-32, ರೇಡಿಯಂ-226 ಅಳತೆಗಳಲ್ಲೂ ಶೇ. 0.1ರ ಆಸುಪಾಸಿನ ವಾರ್ಷಿಕ ಏರಿಳಿತ ಇತ್ತು. ಸೂರ್ಯನಿಂದ ಹೊಮ್ಮುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳೇ ಕಾರಣ ಇರಬಹುದು ಅನ್ನುವುದು ಅವರ ಊಹೆ.

ಶೇ. 0.1 ಹಿಡಿಯುವುದು ಹುಡುಗಾಟವಲ್ಲ. 10 ಲಕ್ಷ ಕೌಂಟ್ ಸೇರಿದರೂ ಅದರ ವರ್ಗಮೂಲ, ಅಂದರೆ 1000ದಷ್ಟು ಅಲುಗಾಟ ತಾನಾಗಿಯೇ ಇರುತ್ತದೆ, ಅದೇ ಶೇ. 0.1. ಹಾಗಾಗಿ ಗೈಗರ್ ಕೌಂಟರ್ ಬಿಟ್ಟು, ಹೆಚ್ಚು ಕೌಂಟ್ ಹಿಡಿಯುವ ಸೋಡಿಯಂ ಅಯೋಡೈಡ್ ಹರಳಿನ ಡಿಟೆಕ್ಟರ್ ತೆಗೆದುಕೊಂಡೆ, ಎದುರಿಗೆ ಸಣ್ಣ ಸೀಸಿಯಂ-137 ವಿಕಿರಣ ಮೂಲ. ಸೆಕೆಂಡಿಗೆ ಇನ್ನೂರು ಬಂದರೂ ದಿನಕ್ಕೆ ಕೋಟಿ ದಾಟುತ್ತದೆ.

ನಿಜವಾದ ತಲೆನೋವು ಜಾಗದ್ದು. ಮೂಲ 10 ಸೆಂ.ಮೀ. ದೂರದಲ್ಲಿದ್ದು 0.1 ಮಿ.ಮೀ. ಸರಿದರೆ, ಅಂದರೆ ಒಂದು ಕಾಗದದ ದಪ್ಪದಷ್ಟು, ಕೌಂಟ್ ಶೇ. 0.2 ಬದಲಾಗುತ್ತದೆ! ಹುಡುಕುತ್ತಿರುವುದಕ್ಕಿಂತ ಎರಡು ಪಟ್ಟು ಜಾಸ್ತಿ. ಅದಕ್ಕೆ ಮೂಲವನ್ನು ಡಿಟೆಕ್ಟರ್‌ಗೇ ಅಂಟಿಸಿ, ಆಮೇಲೆ ಮುಟ್ಟಲೇ ಇಲ್ಲ. ಇನ್ನೊಂದು ತಾಪಮಾನ. ಕೋಣೆ ಬಿಸಿಯಾದರೆ, ಶಕ್ತಿಯ ನಕ್ಷೆಯಲ್ಲಿ ಸೀಸಿಯಂನ ಗಾಮಾ ಕಿರಣಗಳು ತೋರುವ 662 ಕೆಇವಿ (ಶಕ್ತಿಯ ಅಳತೆ) ಶಿಖರ ನಿಧಾನಕ್ಕೆ ಎಡಕ್ಕೆ ಜಾರುತ್ತದೆ, ಎಣಿಸಲು ನಾವು ಗೆರೆ ಹಾಕಿಟ್ಟ ಶಕ್ತಿಯ ಕಿಟಕಿಯಿಂದ ಒಂದಿಷ್ಟು ಕೌಂಟ್ ಹೊರಗೆ ಬೀಳುತ್ತದೆ. ಚಳಿಗಾಲಕ್ಕೂ ಬೇಸಿಗೆಗೂ ವ್ಯತ್ಯಾಸ ಬಂತು ಅಂದರೆ ನಾನಂತೂ ಮೊದಲು ಇದನ್ನೇ ಅನುಮಾನಿಸುತ್ತೇನೆ, ಸೂರ್ಯನನ್ನಲ್ಲ. ಪ್ರತಿ ಗಂಟೆ ಶಿಖರದ ಜಾಗ ಹುಡುಕಿ ಕಿಟಕಿಯನ್ನೂ ಅದರ ಜೊತೆ ಸರಿಸಿದ ಮೇಲೆ, ವರ್ಷಕ್ಕೆ ಶೇ. 2.3ರ ಸಹಜ ಇಳಿಕೆ ಕಳೆದರೆ, ಗೆರೆ ಚಪ್ಪಟೆ.

2024ರ ಮೇ 10ರ ದೊಡ್ಡ ಸೌರಬಿರುಗಾಳಿ ಬಂದಾಗಲೂ ಡಿಟೆಕ್ಟರ್ ಓಡುತ್ತಿತ್ತು. ಸೀಸಿಯಂ ಜಪ್ಪಯ್ಯ ಅನ್ನಲಿಲ್ಲ. ಆಶ್ಚರ್ಯವೇನಲ್ಲ, ಕ್ಯಾಸಿನಿ ನೌಕೆ ಸೂರ್ಯನಿಂದ ದೂರ ದೂರ ಹೋದಾಗ ಪ್ಲುಟೋನಿಯಂ-238ರ ಕ್ಷಯದಿಂದ ನಡೆಯುವ ಅದರ ಬ್ಯಾಟರಿಯ ಶಕ್ತಿಯಲ್ಲೂ ಇಂಥ ಪರಿಣಾಮದ ಸುಳಿವು ಸಿಕ್ಕಿರಲಿಲ್ಲ.

ಆದರೆ 3 ಎಂಇವಿಗಿಂತ (3000 ಕೆಇವಿ) ಮೇಲಿನ ಕೌಂಟ್ ಮಾತ್ರ ಆ ದಿನ ಸ್ವಲ್ಪ ತಗ್ಗಿತು. ಅದು ಸೀಸಿಯಂ ಅಲ್ಲ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ. ಸೂರ್ಯನಿಂದ ಹೊಮ್ಮಿದ ಕಾಂತಕ್ಷೇತ್ರ ಅವುಗಳನ್ನು ಪಕ್ಕಕ್ಕೆ ತಳ್ಳುತ್ತದೆ, ಫೋರ್ಬುಶ್ ಇಳಿಕೆ ಅನ್ನುತ್ತಾರೆ. ನಿಮ್ಮ ಮೂಲ ತುಂಬಾ ದುರ್ಬಲವಾಗಿದ್ದರೆ ಈ ಹಿನ್ನೆಲೆಯ ಇಳಿಕೆಯೇ ಕ್ಷಯದ ಇಳಿಕೆಯ ವೇಷ ಹಾಕಿ ಬರುತ್ತದೆ, ಹಾಗಾಗಿ ಪಕ್ಕದಲ್ಲಿ ಮೂಲವಿಲ್ಲದ ಇನ್ನೊಂದು ಡಿಟೆಕ್ಟರ್ ಓಡಿಸಿಡಿ.