ನಡುವೆ ನಿಲ್ಲಿಸಿದವರ ಪ್ರಗತಿ ದಾಖಲಾಗದಿದ್ದಾಗ: ನನ್ನ ಅನುಭವ

ಆನ್‌ಲೈನ್ ಕಲಿಕೆಯ ತಂತ್ರಾಂಶವಾದ ಮೂಡಲ್‌ನಲ್ಲಿ ನಡೆಸುತ್ತಿದ್ದ ನಮ್ಮ ತರಬೇತಿಯನ್ನು ಒಂದೇ ಬಾರಿಗೆ ಕುಳಿತು ಮುಗಿಸಿದವರಿಗೆ ತೊಂದರೆಯಿರಲಿಲ್ಲ. ಕಂತುಗಳಲ್ಲಿ ಕಲಿಯುವವರು ಮಾತ್ರ ಎಷ್ಟು ಮುಂದೆ ಹೋಗಿದ್ದರೂ ಮರಳಿ ಬಂದಾಗ ಹಳೆಯ ಪುಟದಲ್ಲೇ ನಿಲ್ಲುತ್ತಿದ್ದರು. ಕೆಲಸದ ನಡುವೆ ಬಿಡುವು ಮಾಡಿಕೊಂಡು ಓದುವವರಿಗೇ ಈ ಅನ್ಯಾಯ ಎಂಬುದು ನನಗೆ ಸಹಿಸಲಾಗಲಿಲ್ಲ.

ಎಷ್ಟು ಪ್ರಯತ್ನಗಳಿಗೆ ಅವಕಾಶ, ಪ್ರತಿ ಬಾರಿ ಹೊಸ ಪ್ರಯತ್ನ ಕಡ್ಡಾಯವೇ ಎಂಬ ಆಯ್ಕೆಗಳೆಲ್ಲ ಸರಿಯಾಗಿದ್ದವು. ಬ್ರೌಸರ್‌ನ ಕನ್ಸೋಲ್ (ದೋಷಗಳನ್ನು ತೋರಿಸುವ ಕಿಟಕಿ) ತೆರೆದಾಗ ಸುಳಿವು ಸಿಕ್ಕಿತು: ದೋಷಸಂಖ್ಯೆ 405, ಅಂದರೆ ಕಳುಹಿಸಿದ ಮಾಹಿತಿ ನಿಗದಿತ ರೂಪದಲ್ಲಿಲ್ಲ. ಪಾಠವು ಕಲಿಯುವವರ ಸ್ಥಿತಿಯನ್ನು 'ಸಸ್ಪೆಂಡ್ ಡೇಟಾ' ಎಂಬ ಒಂದೇ ಉದ್ದ ಸಾಲಾಗಿ ಕಳುಹಿಸುತ್ತದೆ. ಪಾಠ ಮತ್ತು ಮೂಡಲ್ ನಡುವೆ ಮಾಹಿತಿ ಹೇಗೆ ಸಾಗಬೇಕೆಂದು ಹೇಳುವ ಸ್ಕಾರ್ಮ್ 1.2 ಮಾನದಂಡದಲ್ಲಿ ಅದರ ಮಿತಿ 4096 ಅಕ್ಷರಗಳು. ಪ್ರತಿ ಪುಟದ ಉತ್ತರವನ್ನೂ ನೆನಪಿಟ್ಟುಕೊಳ್ಳುವ ನಮ್ಮ ಪಾಠ ಅದನ್ನು ಮೀರುತ್ತಿತ್ತು. ಮೀರಿದ ಸಾಲನ್ನು ಮೂಡಲ್ ತಿರಸ್ಕರಿಸುತ್ತದೆ, ಹಿಂದೆ ಉಳಿಸಿದ್ದೇ ಉಳಿಯುತ್ತದೆ. ಪಾಠವಂತೂ ಕಲಿಯುವವರಿಗೆ ಒಂದು ಸೂಚನೆಯನ್ನೂ ತೋರಿಸುವುದಿಲ್ಲ!

ನಿರ್ವಾಹಕರ ಖಾತೆಯಲ್ಲಿ, ಸ್ಕಾರ್ಮ್ ಸೆಟ್ಟಿಂಗ್‌ಗಳೊಳಗೆ 'ಸ್ಕಾರ್ಮ್ 1.2 ಸ್ಟ್ಯಾಂಡರ್ಡ್ಸ್ ಮೋಡ್' ಎಂಬ ಆಯ್ಕೆಯಿದೆ. ಅದನ್ನು ಆಫ್ ಮಾಡಿದ ಮೇಲೆ ಮಿತಿ 64000ಕ್ಕೆ ಏರಿತು, ದೋಷ ನಿಂತಿತು. ಹಿಂದೆ ತಿರಸ್ಕೃತವಾದದ್ದು ಮರಳಿ ಸಿಗುವುದಿಲ್ಲ. ಹಾಗಾಗಿ ಕೊನೆಯ ಪಾಠಗಳನ್ನು ಮತ್ತೊಮ್ಮೆ ನೋಡುವಂತೆ ಎಲ್ಲರಿಗೂ ಕ್ಷಮೆ ಕೋರಿ ಬರೆದೆ.